ಸಾಗರದ ಬೋರ್ಡ್ ಇಲ್ಲದ ಸೈಕಲ್ ಶಾಪು, ವೀಲ್‌ಚೇರ್ ರಿಪೇರಿಗೆ

ಇದು ಸೈಕಲ್ ಶಾಪ್ ರಿವ್ಯೂ. ಸಾಗರ ಪೇಟೇಲಿರೋ ಹಳೇ ಅಂಗಡಿ, ಬೋರ್ಡ್ ಇಲ್ಲ, ಬಾಗಿಲ ಮೇಲೆ ನಾಲ್ಕೈದು ಹಳೇ ಟೈರ್ ನೇತು ಹಾಕಿರ್ತಾರೆ ಅದೇ ಗುರುತು. ಎಲ್ರೂ ಭಾಯಿ ಅಂಗಡಿ ಅಂತಾರೆ. ವೀಲ್‌ಚೇರ್ ರಿಪೇರಿ ಮಾಡ್ತಾರೆ ಅಂತ ಅಲ್ಲಿ ಎಲ್ಲೂ ಬರ್ದಿಲ್ಲ, ಅದಕ್ಕೇ ನಾನು ಬರೀತಿರೋದು. ನಮ್ಮ ಕಡೆ ಸೊರಬ, ಹೊಸನಗರ, ಸಿದ್ದಾಪುರದ ಹಳ್ಳಿಗಳಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದೋರು ಇದ್ದಾರೆ, ಚೇರಿನ ಒಂದೇ ಒಂದು ಚಕ್ರ ಜಾಮ್ ಆಯ್ತು ಅಂತ ತಿಂಗಳುಗಟ್ಲೆ ಮಂಚದ ಮೇಲೇ ಕೂತಿರೋರನ್ನ ನಾನು ಕಣ್ಣಾರೆ ನೋಡಿದೀನಿ. ಅಂಥೋರ ಮನೆಯೋರು ಯಾರಾದ್ರೂ ಇದನ್ನ ಓದಿದ್ರೆ ಸಾಕು.

ನಾನು ಬಿದ್ದಿದ್ದು 2004ರಲ್ಲಿ. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಈಗ ಮನೇಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳ್ತೀನಿ, ಹಾಗಾಗಿ ಭಾಯಿ ನನ್ನ ಕರೆಯೋದು ಮೇಷ್ಟ್ರೇ ಅಂತ.

2023ರ ಜುಲೈ, ಮಳೆ ಅಂದ್ರೆ ನಮ್ಮ ಕಡೆ ಮಳೆ ಗೊತ್ತಲ್ಲ, ಎಂಟು ದಿನದಿಂದ ಬಿಟ್ಟಿರ್ಲಿಲ್ಲ. ಬೆಳಿಗ್ಗೆ ಮಂಚದಿಂದ ಚೇರಿಗೆ ಬಂದು ಬಾತ್‌ರೂಮ್ ಕಡೆ ಹೊರಟೆ, ಎಡಗಡೆ ಮುಂದಿನ ಚಿಕ್ಕ ಚಕ್ರ ತಿರುಗ್ಲೇ ಇಲ್ಲ, ಚೇರ್ ನಿಂತಲ್ಲೇ ಎಡಕ್ಕೆ ಸುತ್ತುತ್ತೆ. ಕಂಪನಿಗೆ ಫೋನ್ ಮಾಡಿದೆ, ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಫೋನ್ ತಗೊಂಡ ಹುಡುಗಿ ತುಂಬಾ ಮರ್ಯಾದೆಯಿಂದಾನೇ ಮಾತಾಡಿದ್ಲು, ಸರ್ ಚೇರನ್ನ ಪ್ಯಾಕ್ ಮಾಡಿ ಕೊರಿಯರ್ ಮಾಡಿ, ಹದಿನೈದು ವರ್ಕಿಂಗ್ ಡೇಸಲ್ಲಿ ವಾಪಸ್ ಬರುತ್ತೆ ಅಂದ್ಲು. ಅಲ್ಲೀವರೆಗೆ ನಾನು ಬಾತ್‌ರೂಮಿಗೆ ಹೇಗಮ್ಮಾ ಹೋಗ್ಲಿ ಅಂದೆ. ಪಾಪ ಆ ಹುಡುಗಿ ಹತ್ರ ಉತ್ತರ ಇರ್ಲಿಲ್ಲ, ಅವಳ ತಪ್ಪೂ ಅಲ್ಲ ಅದು. ಮಿಕ್ಸಿ ಕೆಟ್ರೆ ಎರಡು ವಾರ ಒರಳಲ್ಲಿ ರುಬ್ಕೋಬಹುದು, ಕಾಲಿಗೆ ಬದಲಿ ಎಲ್ಲಿಂದ ತರೋದು.

ಭಾಯಿಗೆ ಫೋನ್ ಮಾಡಿದ್ದು ಏಳೂವರೆಗೆ. ಎಂಟು ಗಂಟೆಗೆ ರೇನ್‌ಕೋಟ್ ಹಾಕ್ಕೊಂಡು ಟೂಲ್ಸ್ ಚೀಲ ಹಿಡ್ಕೊಂಡು ಮನೆ ಬಾಗಿಲಲ್ಲಿ ನಿಂತಿದ್ರು, ಇನ್ನೂ ಅಂಗಡಿ ಬಾಗಿಲೇ ತೆಗ್ದಿರ್ಲಿಲ್ಲ. ನಾನು ಮಂಚದ ಮೇಲೆ, ಚೇರ್ ಅಂಗಾತ ಜಗಲಿ ಮೇಲೆ. ಚಿಕ್ಕ ಚಕ್ರದ ಆಕ್ಸಲ್ ಬಿಚ್ಚಿದ್ರೆ ಒಳಗೆ ತಲೆಕೂದಲು, ತೆಂಗಿನ ನಾರು, ಗೋಣಿಚೀಲದ ದಾರ ಎಲ್ಲಾ ಸುತ್ಕೊಂಡು ಹಗ್ಗದ ಹಾಗೆ ಗಟ್ಟಿಯಾಗಿದೆ, ಅದರ ಹಿಂದೆ ಬೇರಿಂಗು ತುಕ್ಕು ಹಿಡಿದು ಕಚ್ಕೊಂಡಿದೆ. ಭಾಯಿ ಬೇರಿಂಗನ್ನ ಬಟ್ಟೇಲಿ ಒರೆಸಿ ಬೆಳಕಿಗೆ ಹಿಡಿದು ನಂಬರ್ ಓದಿದ್ರು, 608. ಇದು ಸ್ಕೇಟಿಂಗ್ ಚಕ್ರದ್ದೇ ಮೇಷ್ಟ್ರೇ, ಪೇಟೇಲಿ ಸಿಗತ್ತೆ ಅಂದ್ರು. ನಿಜ, ಒಳಗಿನ ತೂತು 8 ಮಿಲಿಮೀಟರ್, ಹೊರಗೆ 22, ಪ್ರಪಂಚದಲ್ಲೆಲ್ಲಾ ಒಂದೇ ಅಳತೆ. ಎರಡೂ ಕಡೆ ರಬ್ಬರ್ ಸೀಲ್ ಇರೋದನ್ನೇ ಹುಡುಕಿ ತಂದು ಹಾಕಿದ್ರು, ನಮ್ಮ ಮಳೆಗೆ ಬರೀ ತಗಡಿನ ಮುಚ್ಚಳದ್ದು ತಡಿಯಲ್ಲ. ಹತ್ತೂವರೆಗೆ ನಾನು ಚೇರ್ ಮೇಲಿದ್ದೆ. ಬೇರಿಂಗ್ ದುಡ್ಡು ಮತ್ತೆ 150 ರೂಪಾಯಿ ಕೂಲಿ.

ಈ ಅಂಗಡಿಗೆ ಒಂದು ರೂಲ್ ಇದೆ, ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಅದೇ. ಸೈಕಲ್ ಬೇಕಾದ್ರೆ ಮೂರು ದಿನ ಬಿದ್ದಿರುತ್ತೆ, ವೀಲ್‌ಚೇರ್ ಮಾತ್ರ ರಾತ್ರಿ ಅಂಗಡೀಲಿ ಉಳಿಯೋ ಹಾಗಿಲ್ಲ. ಬೆಳಿಗ್ಗೆ ಬಂದಿದ್ದು ಸಂಜೆ ಒಳಗೆ ಮನೆ ಸೇರ್ಬೇಕು, ಪೂರ್ತಿ ರಿಪೇರಿ ಆಗ್ಲಿಲ್ಲಾಂದ್ರೂ ತಾತ್ಕಾಲಿಕವಾಗಿ ಉರುಳೋ ಹಾಗಾದ್ರೂ ಮಾಡಿ ಕಳಿಸ್ತಾರೆ. ಯಾರೂ ಹೇಳ್ಕೊಟ್ಟಿದ್ದಲ್ಲ, ಅವರಪ್ಪನ ಕಾಲದಿಂದ ಬಂದಿದ್ದು ಅಂತಾರೆ.

ಅವರಪ್ಪನ ಕಾಲದ್ದು ಬೇರೇನೇ ಕಥೆ. ಆಗ ಇಲ್ಲಿ ವೀಲ್‌ಚೇರ್ ಎಲ್ಲಿತ್ತು? ಪೋಲಿಯೋ ಆದ ಮಕ್ಕಳನ್ನ ಅಮ್ಮಂದಿರು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಡೋರು, ಹೊರೋಕೆ ಆಗದಷ್ಟು ದೊಡ್ಡೋರಾದ್ಮೇಲೆ ಶಾಲೆ ನಿಂತೇ ಹೋಗೋದು. ಆಮೇಲೆ ಹಲಗೆ. ಹಳೇ ಬಸ್ ಸ್ಟ್ಯಾಂಡ್ ನೋಡಿದೋರಿಗೆ ನೆನಪಿರಬಹುದು, ಹಲಗೆ ಕೆಳಗೆ ನಾಲ್ಕು ಬೇರಿಂಗ್ ಹೊಡೆದು, ಕೈಗೆ ಹವಾಯಿ ಚಪ್ಪಲಿ ಹಾಕ್ಕೊಂಡು ನೆಲ ತಳ್ಕೊಂಡು ಹೋಗೋರು, ಎದುರಿಗೆ ಬಂದೋರ ಮುಖ ನೋಡ್ಬೇಕಂದ್ರೆ ಕತ್ತು ಪೂರ್ತಿ ಮೇಲೆತ್ತಬೇಕು. ನಾವು ಹುಡುಗ್ರು ಬೇರಿಂಗ್ ಗಾಡಿ ಅಂತ ಆಟಕ್ಕೆ ಮಾಡ್ಕೊತಿದ್ವಲ್ಲ, ಅದೇ. ಲಾರಿ ಗ್ಯಾರೇಜಿಂದ ಸವೆದ ಬೇರಿಂಗ್ ತಂದು ಅಂಥ ಹಲಗೆಗಳನ್ನ ಭಾಯಿಯ ಅಪ್ಪ ಮಾಡ್ಕೊಡ್ತಿದ್ರು, ದುಡ್ಡು ತಗೋತಿರ್ಲಿಲ್ಲ, ಕೆಟ್ರೆ ಅವತ್ತೇ ಸರಿ ಮಾಡಿ ಕೊಡ್ತಿದ್ರು, ಯಾಕಂದ್ರೆ ಹಲಗೆ ಇಲ್ಲಾಂದ್ರೆ ಆ ಮನುಷ್ಯ ನೆಲದ ಮೇಲೆ ತೆವಳಬೇಕು. ರೂಲ್ ಹುಟ್ಟಿದ್ದು ಅಲ್ಲಿ. ಭಾರತದಲ್ಲಿ ಕೊನೇ ಪೋಲಿಯೋ ಕೇಸ್ ಸಿಕ್ಕಿದ್ದು 2011ರ ಜನವರೀಲಿ, 2014ರಲ್ಲಿ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂತು, ಹಾಗಾಗಿ ಪೋಲಿಯೋ ಆಗಿ ಈ ಅಂಗಡಿಗೆ ಬರೋರಲ್ಲಿ ಈಗ ಚಿಕ್ಕ ಮಕ್ಕಳಿಲ್ಲ. ಈಗ ಬರೋದು ನನ್ನ ಥರ ಮರದಿಂದ ಬಿದ್ದೋರು, ಬೈಕ್ ಆಕ್ಸಿಡೆಂಟ್ ಆದೋರು, ಸ್ಟ್ರೋಕ್ ಆದ ಅಜ್ಜಂದಿರು.

ನನ್ನ ಮೊದಲನೇ ಚೇರ್ ಬಗ್ಗೆ ಹೇಳ್ಬೇಕು. ಆಸ್ಪತ್ರೆಗಳಲ್ಲಿ ನೋಡಿರ್ತೀರಲ್ಲ, ಪಳಪಳ ಹೊಳೆಯೋ ಸ್ಟೀಲ್ ಪೈಪು, ಕೆಳಗೆ ಕತ್ತರಿ ಥರ ಎರಡು ಪೈಪ್ ಅಡ್ಡ, ಮಡಚೋಕೆ ಬರುತ್ತೆ, ಅದು. ಸೀಟು 18 ಇಂಚು ಅಗಲ. ನನಗೆ ಬೇಕಾಗಿದ್ದು 15. ಮೂರು ಇಂಚು ಅಂದ್ರೆ ಏನ್ ಮಹಾ ಅನ್ಸಬಹುದು, ಆದ್ರೆ ಆ ಮೂರು ಇಂಚಿಂದ ಚಕ್ರ ಹಿಡಿಯೋಕೆ ತೋಳನ್ನ ಹಕ್ಕಿ ರೆಕ್ಕೆ ಥರ ಅಗಲ ಮಾಡ್ಬೇಕು, ದಿನಾ ನೂರಾರು ಸಲ, ಮೂರನೇ ವರ್ಷಕ್ಕೆ ಭುಜ ಹೋಯ್ತು ನಂದು. ಕೈ ಇಡೋ ಜಾಗ ಬಿಚ್ಚೋಕೆ ಬರ್ತಿರ್ಲಿಲ್ಲ, ಹಾಗಾಗಿ ಮಂಚಕ್ಕೆ ಪಕ್ಕದಿಂದ ಜಾರೋಕೆ ಆಗಲ್ಲ, ಯಾರಾದ್ರೂ ಎತ್ತಲೇಬೇಕು. ಸೀಟಿನ ರೆಕ್ಸಿನ್ ಎಂಟು ತಿಂಗಳಲ್ಲಿ ಜೋಲು ಬಿದ್ದು ಜೋಳಿಗೆ ಥರ ಆಗಿ, ಸೊಂಟ ಒಂದು ಕಡೆ ವಾಲಿ, ಕೂತಲ್ಲೇ ಹುಣ್ಣಾಗಿ ನಾಲ್ಕು ತಿಂಗಳು ಬೋರಲು ಮಲಗಿದ್ದೆ. ಮನೆ ಹೊಸ್ತಿಲು ಬೇರೆ ಆರು ಇಂಚು ಎತ್ತರ. ಎರಡೂವರೆ ವರ್ಷ ನನ್ನ ಪ್ರಪಂಚ ಅಂದ್ರೆ ಜಗಲಿ, ಅಲ್ಲಿಂದ ಕಾಣೋ ಅಂಗಳ, ಅಡಿಕೆ ಒಣಗ್ಸೋ ಅಟ್ಟ. ಆ ಚೇರನ್ನ ಮಾಡಿರೋದೇ ಇನ್ನೊಬ್ರು ತಳ್ಳೋಕೆ ಅಂತ ನನಗೆ ಅರ್ಥ ಆಗಿದ್ದು ತುಂಬಾ ತಡವಾಗಿ.

ಆಮೇಲೆ ಆಮೇಲೆ ಓದ್ತಾ ಹೋದೆ, ಜಗಲೀಲಿ ಕೂತು ಮಾಡೋಕೆ ಬೇರೇನಿತ್ತು. ಆ ಮಡಚೋ ಡಿಸೈನು 1933ರದ್ದು, ಅಮೆರಿಕದಲ್ಲಿ. ಹರ್ಬರ್ಟ್ ಎವರೆಸ್ಟ್ ಅಂತ ಮೈನಿಂಗ್ ಇಂಜಿನಿಯರ್, ಗಣಿ ಅಪಘಾತದಲ್ಲಿ ಬೆನ್ನು ಮುರಿದೋನು, ಅವನ ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್ ಮೆಕ್ಯಾನಿಕಲ್ ಇಂಜಿನಿಯರ್, ಇಬ್ರೂ ಸೇರಿ ಕಾರಿನ ಡಿಕ್ಕೀಲಿ ಹಿಡಿಯೋ ಹಾಗೆ ಮಡಚೋ ಚೇರ್ ಮಾಡಿದ್ರು. ಅಂದ್ರೆ ಅದು ಹುಟ್ಟಿದ್ದು ಒಬ್ಬ ಮನುಷ್ಯ ಮನೆಯಿಂದ ಹೊರಗೆ ಹೋಗೋಕೆ! ಆದ್ರೆ ಅವರಿಬ್ರ ಕಂಪನಿ ಬೆಳೆದು ಮಾರ್ಕೆಟ್ ಪೂರ್ತಿ ಹಿಡ್ಕೊಂಡ್ಮೇಲೆ ನಲವತ್ತು ವರ್ಷ ಕಳೆದ್ರೂ ಡಿಸೈನು ಹೆಚ್ಚು ಬದಲಾಗ್ಲಿಲ್ಲ, 1977ರಲ್ಲಿ ಅಲ್ಲಿನ ಸರ್ಕಾರಾನೇ ಏಕಸ್ವಾಮ್ಯ ಮಾಡ್ತಿದೀರಿ ಅಂತ ಕೇಸ್ ಹಾಕ್ಬೇಕಾಯ್ತು. ಅದಾದ ಮುಂದಿನ ವರ್ಷ ಮೆರಿಲಿನ್ ಹ್ಯಾಮಿಲ್ಟನ್ ಅನ್ನೋ ಹೆಣ್ಣುಮಗಳು ಗಾಳೀಲಿ ತೇಲೋ ಹ್ಯಾಂಗ್ ಗ್ಲೈಡರ್‌ನಿಂದ ಬಿದ್ಲು, ಕ್ಯಾಲಿಫೋರ್ನಿಯಾದಲ್ಲಿ. ಅವಳಿಗೂ ಅದೇ ಭಾರದ ಸ್ಟೀಲ್ ಚೇರ್ ಕೊಟ್ರು. ಅವಳು ಹೋಗಿದ್ದು ಗ್ಲೈಡರ್ ಕಟ್ಟೋ ಇಬ್ರು ಸ್ನೇಹಿತರ ಹತ್ರ, ಗ್ಲೈಡರಿಗೆ ಹಾಕೋ ಅಲ್ಯೂಮಿನಿಯಂ ಪೈಪಲ್ಲೇ ನನಗೊಂದು ಚೇರ್ ಮಾಡ್ಕೊಡಿ ಅಂತ. ಸ್ಟೀಲ್ ಚೇರಿನ ಅರ್ಧ ತೂಕಕ್ಕೆ ಬಂತು, ಮೇಲೆ ಬಣ್ಣ ಬೇರೆ. ಕ್ವಿಕೀ ಅನ್ನೋ ಬ್ರ್ಯಾಂಡ್ ಹುಟ್ಟಿದ್ದು ಹಾಗೆ.

ನಾನು ಇದನ್ನೆಲ್ಲಾ ಸೈಕಲ್ ಶಾಪ್ ರಿವ್ಯೂನಲ್ಲಿ ಯಾಕೆ ಬರೀತಿದೀನಿ ಅಂದ್ರೆ, ಎಲ್ಲಿ ನೋಡಿದ್ರೂ ಒಬ್ರು ಚೇರ್ ಮೇಲೆ ಕೂತೋರು, ಪಕ್ಕದಲ್ಲಿ ಒಬ್ರು ಪಾನಾ ಹಿಡಿದೋರು ಇದ್ದಾಗಲೇ ಚೇರ್ ಒಂದು ಹೆಜ್ಜೆ ಮುಂದೆ ಹೋಗಿದೆ. ದೊಡ್ಡ ಕಂಪನಿ ಆಮೇಲೆ ಬರುತ್ತೆ. ಕೂತೋರೇ ಓಡಿಸೋ ಮೊದಲನೇ ಗಾಡಿಯೂ ಹಾಗೇ, 1655ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್ ಹತ್ರ ಸ್ಟೀಫನ್ ಫಾರ್ಫ್ಲರ್ ಅಂತ ಗಡಿಯಾರ ಮಾಡೋ ಹುಡುಗ, ಕಾಲಿಗೆ ಬಲ ಇಲ್ಲ, ಮೂರು ಚಕ್ರದ ಗಾಡಿಗೆ ಹಲ್ಲಿನ ಚಕ್ರ ಜೋಡಿಸಿ ಕೈಯಲ್ಲಿ ಹ್ಯಾಂಡಲ್ ತಿರುಗಿಸ್ಕೊಂಡು ಹೋಗೋ ಹಾಗೆ ಮಾಡ್ಕೊಂಡ. ಅವನಲ್ಲಿ ಕೂತೋನೂ ಪಾನಾ ಹಿಡಿದೋನೂ ಒಬ್ಬನೇ.

ಆ ಗಾಡಿ ಚಿತ್ರ ನೋಡಿದಾಗ ಅಯ್ಯೋ ಇದು ನನ್ನ ಟ್ರೈಸಿಕಲ್ ಅಲ್ವಾ ಅನ್ಸಿತ್ತು. ನನಗೆ 2007ರಲ್ಲಿ ಕ್ಯಾಂಪಲ್ಲಿ ಸಿಕ್ಕಿದ್ದು, ಕೈಯಲ್ಲಿ ಪೆಡಲ್ ತಿರುಗ್ಸೋ ಮೂರು ಚಕ್ರದ ಗಾಡಿ. ಕಾನ್ಪುರದ ಅಲಿಮ್ಕೋ ಕಾರ್ಖಾನೇದು, 1972ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು ಅದು. ಈಗಿನ ಹುಡುಗ್ರು ಟ್ರೈಸಿಕಲ್ ಅಂದ್ರೆ ಮೂಗು ಮುರೀತಾರೆ, ನಾನು ಒಪ್ಪಲ್ಲ. ಮನೆ ಒಳಗೆ ತರೋಕಾಗಲ್ಲ, ತಿರುಗಿಸೋಕೆ ಜಾಗ ಬೇಕು, ಏರಲ್ಲಿ ಎದೆ ಒಡೆದು ಹೋಗುತ್ತೆ ಎಲ್ಲಾ ನಿಜ. ಆದ್ರೆ ಮಣ್ಣು ರಸ್ತೇಲಿ ಹೋಗುತ್ತೆ, ಚಿಕ್ಕ ಚಕ್ರದ ಚೇರ್ ಜಲ್ಲೀಲಿ ಹೂತು ಹೋಗೋ ಕಡೆ ಇದು ದಾಟುತ್ತೆ. ಎಲ್ಲಕ್ಕಿಂತ ಮುಖ್ಯ ಅದರಲ್ಲಿರೋದು ಸೈಕಲ್ ಚೈನು, ಸೈಕಲ್ ಟೈರು, ಸೈಕಲ್ ಬ್ರೇಕು. ಯಾವ ಊರಲ್ಲಿ ಕೆಟ್ರೂ ಒಬ್ಬ ಸೈಕಲ್ ಶಾಪ್ ಮನುಷ್ಯ ಸಿಗ್ತಾನೆ. ನನಗೆ ಭಾಯಿ ಪರಿಚಯ ಆಗಿದ್ದೇ ಚೈನ್ ಕಡಿದಾಗ. ಬಿದ್ದ ಮೇಲೆ ಮೂರು ವರ್ಷದಲ್ಲಿ ಮೊದಲನೇ ಸಲ ಒಬ್ಬನೇ ಪೇಟೆಗೆ ಬಂದಿದ್ದೆ ಅವತ್ತು, ಯಾರ ಹತ್ರಾನೂ ಕೇಳ್ದೆ ನಾನೇ ಹೋಗಿ ಅರ್ಧ ಕೆಜಿ ಟೊಮ್ಯಾಟೊ ಆರಿಸಿ ತಗೊಂಡಿದ್ದೆ, ವಾಪಸ್ ಬರೋವಾಗ ಚೈನ್ ಕಡೀತು. ಅವರು ಗಾಡಿನ ನನ್ನ ಸಮೇತ ನೆರಳಿಗೆ ತಳ್ಳಿ, ಟೀ ತರಿಸಿ, ನಾನು ಕೂತಿರೋ ಹಾಗೇ ಚೈನ್ ಜೋಡಿಸಿದ್ರು. ಇಳಿರಿ ಅನ್ಲಿಲ್ಲ. ಬೇರೆಯೋರಾದ್ರೆ ಮೊದ್ಲು ಕೇಳೋದು ಜೊತೆಗೆ ಯಾರು ಬಂದಿದಾರೆ ಅಂತ.

ಟ್ಯೂಷನ್ ಶುರು ಮಾಡಿದ್ದೂ ಆ ವರ್ಷಾನೇ. ಫಿಜಿಯೋಥೆರಪಿಗೆ ಹೋಗ್ತಿದ್ದಾಗ ಅಲ್ಲಿನ ಮೇಡಮ್ ಒಬ್ರು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ವಿಷಯ ಹೇಳಿದ್ರು, 1954ರಲ್ಲಿ ಆಕ್ಸಿಡೆಂಟ್ ಆಗಿ ಸೊಂಟದ ಕೆಳಗೆ ಸ್ವಾಧೀನ ಹೋದ ಮೇಲೂ ವೀಲ್‌ಚೇರಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡ್ತಿದ್ರಂತೆ, 1966ರಲ್ಲಿ ಅಲ್ಲಿ ನಮ್ಮಂಥೋರಿಗೆ ಅಂತಲೇ ಒಂದು ಪುನರ್ವಸತಿ ಕೇಂದ್ರ ಶುರುವಾಯ್ತು. ಬೆಂಗಳೂರಲ್ಲಿ ಎನ್.ಎಸ್. ಹೇಮಾ ಅವರು, ಪೋಲಿಯೋ ಆಗಿ ಅವರೂ ವೀಲ್‌ಚೇರ್ ಬಳಸ್ತಿದ್ದೋರೇ, 1959ರಲ್ಲೇ ಅಂಗವಿಕಲರಿಗಾಗಿ ಎಪಿಡಿ ಅನ್ನೋ ಸಂಸ್ಥೆ ಕಟ್ಟಿದ್ರು. ಇದೆಲ್ಲಾ ನಡೆದು ನಲವತ್ತು-ಐವತ್ತು ವರ್ಷ ಆದ್ಮೇಲೂ ನಮ್ಮ ಹಳ್ಳಿ ಜಗಲಿಗೆ ಸುದ್ದಿ ಬಂದಿರ್ಲಿಲ್ಲ ಅನ್ನೋದು ನನಗೆ ಈಗ್ಲೂ ಬೇಜಾರು.

ಸರಿ, ಅಂಗಡಿ ವಿಷಯಕ್ಕೆ ಬರ್ತೀನಿ. ಏನೇನು ಮಾಡ್ತಾರೆ, ಏನು ಮಾಡಲ್ಲ.

ಪಂಚರ್ 50 ರೂಪಾಯಿ. ಹಿಂದಿನ ದೊಡ್ಡ ಚಕ್ರ 24 ಇಂಚಿಂದೇ ಆದ್ರೂ ಮಕ್ಕಳ ಸೈಕಲ್ಲಿನ 24ರ ಟೈರ್ ಎಲ್ಲಾ ಇದಕ್ಕೆ ಕೂರಲ್ಲ, ರಿಮ್ ಅಳತೆ ಬೇರೆ. ಟೈರ್ ಪಕ್ಕದಲ್ಲಿ 37-540 ಅಂತ ಬರೆದಿದ್ಯಾ ನೋಡ್ಕೊಳ್ಳಿ, ಮಾಮೂಲಿ ವೀಲ್‌ಚೇರಿಗೆ ಬರೋದು ಅದು. ಭಾಯಿಗೂ ಇದು ಮೊದ್ಲು ಗೊತ್ತಿರ್ಲಿಲ್ಲ, ಎರಡು ಟೈರ್ ತಂದು ವೇಸ್ಟ್ ಆದ ಮೇಲೆ ನಾವಿಬ್ರೂ ಕೂತು ನಂಬರ್ ಓದಿ ಕಲಿತ್ವಿ, ಈಗ ಗೋಡೆ ಮೇಲೆ ಪೆನ್ಸಿಲಲ್ಲಿ ಬರ್ಕೊಂಡಿದಾರೆ. ಆ ಸೈಜ್ ಟ್ಯೂಬ್ ಯಾವಾಗ್ಲೂ ಎರಡಾದ್ರೂ ಇಟ್ಟಿರ್ತಾರೆ. ಕಡ್ಡಿ ಬಿಗಿ ಮಾಡಿ ಚಕ್ರದ ಬೆಂಡ್ ತೆಗೆಯೋದ್ರಲ್ಲಿ ಅವರ ಕೈ ಅದ್ಭುತ, ಕಡ್ಡಿ ಬೆರಳಲ್ಲಿ ಮೀಟಿ ಶಬ್ದ ಕೇಳೇ ಯಾವುದು ಸಡಿಲ ಅಂತ ಹೇಳ್ತಾರೆ. ಬ್ರೇಕ್ ಟೈಟ್ ಮಾಡೋದಕ್ಕೆ ನನ್ನ ಹತ್ರ ಇದುವರೆಗೂ ದುಡ್ಡು ತಗೊಂಡಿಲ್ಲ. ರೆಕ್ಸಿನ್ ಹೊಲಿಗೆ ಅವರು ಮಾಡಲ್ಲ, ಆಟೋ ಸೀಟ್ ಕವರ್ ಹೊಲಿಯೋರ ಹತ್ರ ಕೊಟ್ಟು ಮಾಡಿಸ್ತಾರೆ, ಒಳಗೆ ಸೀಟ್ ಬೆಲ್ಟ್ ಪಟ್ಟಿ ಅಡ್ಡ ಹಾಕಿ ಹೊಲಿಸಿದ್ರಿಂದ ನಂದು ಮೂರು ವರ್ಷ ಜೋಲು ಬೀಳ್ಲಿಲ್ಲ.

ಅಲ್ಯೂಮಿನಿಯಂ ಫ್ರೇಮ್ ಕ್ರ್ಯಾಕ್ ಆದ್ರೆ ಮುಟ್ಟಲ್ಲ. ಮಾಮೂಲಿ ವೆಲ್ಡಿಂಗ್ ಅದಕ್ಕೆ ಹಿಡಿಯಲ್ಲ, ಆರ್ಗಾನ್ ವೆಲ್ಡಿಂಗ್ ಬೇಕು, ಶಿವಮೊಗ್ಗಕ್ಕೆ ತಗೊಂಡ್ಹೋಗಿ ಅಂತ ನೇರವಾಗಿ ಹೇಳ್ತಾರೆ. ನನಗೆ ಇದು ತುಂಬಾ ಇಷ್ಟ ಆಗಿದ್ದು, ಯಾಕಂದ್ರೆ ಬೇರೆ ಊರಲ್ಲಿ ಒಬ್ರು ನೋಡ್ತೀನಿ ಬಿಡಿ ಅಂತ ಪೈಪ್ ತೂತು ಮಾಡಿಟ್ಟಿದ್ರು ಪರಿಚಯದೋರಿಗೆ. ಕುಶನ್ ಬಗ್ಗೆಯೂ ಇವರನ್ನ ಕೇಳಬೇಡಿ. ದಪ್ಪ ಸ್ಪಂಜ್ ಹಾಕಿದ್ರೆ ಆಯ್ತಲ್ಲ ಅಂತಾರೆ, ಅದು ಸಾಕಾಗಲ್ಲ, ಸ್ಪರ್ಶ ಇಲ್ಲದೋರು ಕುಶನ್ನನ್ನ ಫಿಜಿಯೋ ಹತ್ರಾನೇ ಕೇಳಿ ತಗೊಳ್ಳಿ, ಹುಣ್ಣಾದ್ರೆ ಏನಾಗುತ್ತೆ ಅಂತ ಮೇಲೆ ಬರ್ದಿದೀನಿ.

ಈಗ ನಾನು ಬಳಸ್ತಿರೋದು 2021ರಲ್ಲಿ ತಗೊಂಡ ಮಡಚದೇ ಇರೋ ಆ್ಯಕ್ಟಿವ್ ಚೇರ್, ಅಂದ್ರೆ ಕೂತೋರೇ ಓಡಿಸೋಕೆ ಅಂತ ಮಾಡಿರೋದು, ನನ್ನ ಅಳತೆಗೇ ಮಾಡಿಸಿದ್ದು, 12 ಕೆಜಿ. ಬಟನ್ ಒತ್ತಿದ್ರೆ ದೊಡ್ಡ ಚಕ್ರ ಕಳಚಿ ಬರುತ್ತೆ, ಆಟೋದಲ್ಲಿ ಕಾಲಡಿ ಇಟ್ಕೋಬಹುದು. ಮದ್ರಾಸ್ ಐಐಟಿಯೋರು 2025ರಲ್ಲಿ 9 ಕೆಜಿದು ಬಿಟ್ಟಿದಾರೆ, ಓದಿ ಖುಷಿ ಆಯ್ತು. ಚೇರ್ ಹಗುರ ಆಗ್ತಾ ಇದೆ, ಸ್ಪೇರ್ ಪಾರ್ಟ್ಸ್ ಮಾತ್ರ ಇನ್ನೂ ದೂರದಲ್ಲೇ ಇದೆ. ಕಳಚೋ ಆಕ್ಸಲ್ ಪಿನ್ ಹೋದ್ರೆ ಭಾಯಿ ಕೈಲಿ ಆಗಲ್ಲ, ತರಿಸ್ಬೇಕು, ಹತ್ತು ದಿನ ಆಗುತ್ತೆ. ಹಾಗಾಗಿ ಈ ಥರ ಚೇರ್ ಇರೋರು ಒಂದು ಪಿನ್ ಎಕ್ಸ್ಟ್ರಾ ತಗೊಂಡು ಮನೇಲಿಟ್ಕೊಳ್ಳಿ ಅನ್ನೋದು ನನ್ನ ವಿನಂತಿ.

ಅಂಗಡಿ ಮೆಟ್ಟಿಲು. ಮೊದ್ಲು ಏಳು ಇಂಚಿನ ಒಂದು ಮೆಟ್ಟಿಲು, ಅದರ ಮುಂದೆ ಚರಂಡಿ ಚಪ್ಪಡಿ, ಅದರಲ್ಲಿ ಬಿರುಕು. ಹೊರಗೇ ಕೂತು ಕೆಲಸ ಮಾಡಿಸ್ಕೋಬೇಕಿತ್ತು, ಬಿಸಿಲಲ್ಲಿ ಪರವಾಗಿಲ್ಲ, ಮಳೇಲಿ ಕಷ್ಟ. ಒಂದಿನ ನಾನೇ ಲೆಕ್ಕ ಹೇಳ್ಕೊಟ್ಟೆ, ಒಂದಕ್ಕೆ ಹನ್ನೆರಡು, ಅಂದ್ರೆ ಒಂದು ಇಂಚು ಏರೋಕೆ ಹನ್ನೆರಡು ಇಂಚು ಉದ್ದ, ಏಳು ಇಂಚಿಗೆ ಏಳು ಅಡಿ ರ‍್ಯಾಂಪ್ ಬೇಕು. ಅಷ್ಟು ಜಾಗ ಎಲ್ಲಿದೆ, ರಸ್ತೆಗೇ ಬರುತ್ತೆ. ಅವರು ನಾಲ್ಕು ಅಡಿ ಕಬ್ಬಿಣದ ಪ್ಲೇಟ್ ತಂದು ಮಡಚೋ ರ‍್ಯಾಂಪ್ ಮಾಡಿದ್ರು, ಬೇಕಾದಾಗ ಇಳಿಸೋದು ಆಮೇಲೆ ಗೋಡೆಗೆ ಒರಗಿಸೋದು. ಮೊದಲನೇ ಮಳೇಲಿ ಚಕ್ರ ಜಾರಿತು, ಹಳೇ ಸೈಕಲ್ ಚೈನುಗಳನ್ನ ಅಡ್ಡಡ್ಡ ವೆಲ್ಡ್ ಮಾಡಿಸಿದ್ರು, ಈಗ ಜಾರಲ್ಲ. ಕಡಿದಾಗಿದೆ, ಒಬ್ರು ಹಿಂದಿಂದ ಹಿಡೀಲೇಬೇಕು, ಅದು ಅಂಗಡಿಯ ಮೈನಸ್ ಪಾಯಿಂಟ್ ಅಂತಾನೇ ಹೇಳ್ತೀನಿ. ಆದ್ರೆ 1995ರಲ್ಲಿ ಅಂಗವಿಕಲರ ಹಕ್ಕಿಗೆ ಅಂತ ಒಂದು ಕಾನೂನು ಬಂತು, 2016ರಲ್ಲಿ ಅದಕ್ಕಿಂತ ದೊಡ್ಡದು ಬಂತು, ಅದಾದ ಮೇಲೂ ನಾನು ಒಳಗೆ ಕಾಲಿಡೋಕಾಗದ ದೊಡ್ಡ ದೊಡ್ಡ ಕಟ್ಟಡಗಳು ಎಷ್ಟಿವೆ, ಇವರು ಯಾವ ನೋಟಿಸೂ ಬರದೇನೇ ಎರಡೂವರೆ ಸಾವಿರ ಖರ್ಚು ಮಾಡಿದಾರೆ.

ಇನ್ನೂ ಎರಡು ಕಂಪ್ಲೇಂಟ್ ಇದೆ. ಜೂನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಮಕ್ಕಳ ಸೈಕಲ್ ರಾಶಿ ಬಿದ್ದಿರುತ್ತೆ, ಮೂರು ವರ್ಷಕ್ಕೊಂದು ಸಲ ಬರೋ ಮಾರಿಕಾಂಬಾ ಜಾತ್ರೆ ಟೈಮಲ್ಲಂತೂ ಅಂಗಡಿ ಹತ್ರ ಸುಳಿಯೋಕೇ ಆಗಲ್ಲ, ಆ ದಿನಗಳಲ್ಲಿ ಬೆಳಿಗ್ಗೆ ಫೋನ್ ಮಾಡಿ ಮನೆಗೇ ಕರೆಸ್ಕೊಳ್ಳೋದು ವಾಸಿ. ಮತ್ತೆ ಅವರಿಗೆ ವಯಸ್ಸಾಗ್ತಿದೆ, ಮಗ ಮೊಬೈಲ್ ಅಂಗಡಿ ಇಟ್ಟಿದಾನೆ. ಒಬ್ಬ ಹುಡುಗ ಕೆಲಸಕ್ಕೆ ಸೇರಿದಾನೆ, ಕೈ ಚುರುಕಿದೆ, ಆದ್ರೆ ಕೇಳ್ದೇನೇ ಚೇರ್ ಹಿಂದಿನ ಹಿಡಿ ಹಿಡಿದು ತಳ್ಳೋಕೆ ಬಂದುಬಿಡ್ತಾನೆ. ಹೋದ ತಿಂಗಳು ಭಾಯಿನೇ ಅವನಿಗೆ ಹೇಳಿದ್ರು, ಏ, ಮೊದ್ಲು ಅವರನ್ನ ಕೇಳು, ಅದು ಅವರ ಮೈ ಇದ್ದ ಹಾಗೆ ಅಂತ. ಹದಿನೆಂಟು ವರ್ಷದಲ್ಲಿ ನಾನು ಅವರಿಗೆ ಒಂದು ಸಲಾನೂ ಹೇಳ್ಕೊಟ್ಟ ಮಾತಲ್ಲ ಅದು.

ಹೋಗೋರಿಗೆ ಟೈಮಿಂಗ್ಸ್: ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಏಳೂವರೆ, ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡೂವರೆ ಮುಚ್ಚಿರುತ್ತೆ, ಭಾನುವಾರ ಅರ್ಧ ದಿನ. ಹೋಗೋಕೆ ಮುಂಚೆ ಟೈರ್ ನಂಬರ್, ಚಿಕ್ಕ ಚಕ್ರದ ಫೋಟೋ ವಾಟ್ಸಾಪಲ್ಲಿ ಕಳಿಸಿದ್ರೆ ಸಾಮಾನು ತರಿಸಿಟ್ಟಿರ್ತಾರೆ. ಕಾಯೋವಾಗ ಎಲ್ಲಿ ಕೂರೋದು ಅನ್ನೋ ಚಿಂತೆ ಬೇಡ, ನನ್ನ ಆ 2004ರ ಸ್ಟೀಲ್ ಚೇರನ್ನ ಅವರಿಗೇ ಕೊಟ್ಟಿದೀನಿ. ಕೈ ಇಡೋ ಜಾಗ ಕೊಯ್ದು ಬಿಚ್ಚೋ ಹಾಗೆ ಮಾಡಿದಾರೆ, ಹೊಸ ರೆಕ್ಸಿನ್ ಹಾಕ್ಸಿದಾರೆ, ನೀಲಿ ಬಣ್ಣ ಹೊಡೆದಿದಾರೆ. ಅಕಸ್ಮಾತ್ ಸಾಮಾನು ಸಿಗದೇ ರಿಪೇರಿ ಮುಗೀಲಿಲ್ಲಾಂದ್ರೆ ಅದನ್ನೇ ಮನೆಗೆ ತಗೊಂಡ್ಹೋಗಿ ಅಂತಾರೆ. ಹೋದ ವಾರ ನಾನು ಹೋದಾಗ ಅದು ಅಂಗಡೀಲಿರ್ಲಿಲ್ಲ, ಸೊರಬದ ಕಡೆ ಒಬ್ಬಮ್ಮನ ಮನೇಲಿತ್ತು.